ಶಾಲೆಯ ರಸ್ತೆಗೆ ಜೌಗು ಭೂಮಿಯ ಅನುಮತಿ ಪಡೆದ ಬಗೆ

ಅಮೆರಿಕದಲ್ಲಿ ಹಳ್ಳಕ್ಕೋ ಜೌಗಿಗೋ ಮಣ್ಣು ತುಂಬಬೇಕಾದರೆ ಸೇನೆಯ ಎಂಜಿನಿಯರ್‌ಗಳ ಅನುಮತಿ ಬೇಕು ಎಂದು ಹೇಳಿದರೆ ಊರಿನಲ್ಲಿ ಹೆಚ್ಚಿನವರು ನಂಬುವುದಿಲ್ಲ. ಆದರೆ ವ್ಯವಸ್ಥೆ ಇರುವುದು ಹಾಗೆಯೇ. 1972ರ ಕ್ಲೀನ್ ವಾಟರ್ ಆ್ಯಕ್ಟ್‌ನ 404ನೇ ಸೆಕ್ಷನ್ ಪ್ರಕಾರ ಈ ಅನುಮತಿ ನೀಡುವುದು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್. ಅದು ಅನುಸರಿಸಬೇಕಾದ ಮಾರ್ಗಸೂಚಿ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯದು. ನಾರ್ತ್ ಕೆರೊಲೈನಾದ ರಾಲೀ ನಗರದ ಅಂಚಿನಲ್ಲಿ ಒಂದು ಖಾಸಗಿ ಶಾಲೆಯ ನಿವೇಶನವನ್ನು ವಿನ್ಯಾಸ ಮಾಡುವಾಗ ಈ ಅನುಮತಿಯನ್ನು ನಾನು ಪಡೆದ ಬಗೆಯನ್ನು, ಇದೇ ಕೆಲಸಕ್ಕೆ ಹೊಸದಾಗಿ ಬರುವ ಕನ್ನಡದ ಎಂಜಿನಿಯರ್‌ಗಳಿಗೆ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ನಿವೇಶನವನ್ನು ಒಂದು ಸಣ್ಣ ಹಳ್ಳ ಎರಡಾಗಿ ಸೀಳಿತ್ತು. ರಸ್ತೆ ಒಂದು ಬದಿಯಲ್ಲಿ, ಕಟ್ಟಡಕ್ಕೆ ಯೋಗ್ಯವಾದ ದಿಣ್ಣೆ ಇನ್ನೊಂದು ಬದಿಯಲ್ಲಿ. ವಾಸ್ತುಶಿಲ್ಪಿಗಳು ಆಗಲೇ ಚೆಂದದ ನಕ್ಷೆಯೊಂದನ್ನು ಮಾಡಿಟ್ಟಿದ್ದರು, ಆದರೆ ಅದರಲ್ಲಿ ಜೌಗಿನ ಗಡಿಯೇ ಇರಲಿಲ್ಲ. ಗಡಿ ಸಿಗುವ ತನಕ ನಕ್ಷೆಯನ್ನು ಬದಿಗಿಡೋಣ ಎಂದು ನಾನು ಹಟ ಹಿಡಿದೆ. ಅನುಮತಿ ಸಿಗುವುದೋ ಇಲ್ಲವೋ, ಸಿಕ್ಕರೆ ಯಾವ ಬಗೆಯದು ಎಂಬುದೆಲ್ಲ ಅರ್ಜಿ ಬರೆಯುವಾಗ ಅಲ್ಲ, ಕಟ್ಟಡ ಎಲ್ಲಿ ಕೂರಬೇಕೆಂದು ಪೆನ್ಸಿಲ್ ಹಿಡಿಯುವಾಗಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಡಿ ಗುರುತಿಸಲು ಕೋರ್‌ನ 1987ರ ಕೈಪಿಡಿಯೂ ಆಯಾ ಪ್ರದೇಶಕ್ಕೆಂದು ಅದಕ್ಕೆ ಸೇರಿಸಿರುವ ಪೂರಕ ಸಂಪುಟವೂ ಆಧಾರ. ನೀರಿಗೆ ಒಗ್ಗಿಕೊಂಡ ಸಸ್ಯಗಳು, ನೀರು ನಿಂತು ಬಣ್ಣಗೆಟ್ಟ ಮಣ್ಣು, ನೀರಿನ ಇರವಿನ ಕುರುಹು, ಸಾಮಾನ್ಯವಾಗಿ ಈ ಮೂರೂ ಒಂದೇ ಜಾಗದಲ್ಲಿ ಕಾಣಬೇಕು. ನಮ್ಮ ನಿವೇಶನದಲ್ಲಿ ಗಿಡಮರಗಳಿಂದ ಹೆಚ್ಚಿನ ಉಪಯೋಗವಾಗಲಿಲ್ಲ, ಏಕೆಂದರೆ ಕೆಂಪು ಮೇಪಲ್ ಮತ್ತು ಸ್ವೀಟ್‌ಗಮ್ ಮರಗಳು ಜೌಗಿನಲ್ಲೂ ಬೆಳೆಯುತ್ತವೆ, ಒಣ ದಿಣ್ಣೆಯಲ್ಲೂ ಬೆಳೆಯುತ್ತವೆ. ತೀರ್ಪು ಕೊಟ್ಟದ್ದು ಮಣ್ಣು. ಕೈಬೈರಿಗೆಯಿಂದ ಒಂದೂವರೆ ಅಡಿಯಷ್ಟು ಮಣ್ಣು ತೆಗೆದು, ಮುರಿದು, ಒದ್ದೆ ಮಾಡಿ, ಮಣ್ಣಿನ ಬಣ್ಣಗಳ ಮಾದರಿಯಿರುವ ಮನ್ಸೆಲ್ ಪುಸ್ತಕದ ಚೌಕಗಳ ಹಿಂದೆ ಹಿಡಿದು, ಬಿಸಿಲಿಗೆ ಬೆನ್ನು ಹಾಕಿ ಹೋಲಿಸುತ್ತ ಹೋದೆವು. ಕಪ್ಪು ಕನ್ನಡಕ ಹಾಕಿಕೊಂಡು ಈ ಕೆಲಸ ಮಾಡುವಂತಿಲ್ಲ. ದಿಣ್ಣೆಯ ಕಡೆ ಆ ಸೀಮೆಯ ಹೆಸರಾಂತ ಕೆಂಪು ಜೇಡಿ ಮಣ್ಣು. ನಾಲ್ಕು ಹೆಜ್ಜೆ ಕೆಳಗಿಳಿದರೆ ಅದೇ ಮಣ್ಣು ಬೂದು ಬಣ್ಣಕ್ಕೆ ತಿರುಗಿ, ಜೀವಂತ ಬೇರುಗಳ ಸುತ್ತ ಮಾತ್ರ ತುಕ್ಕಿನ ಬಣ್ಣದ ಗೆರೆ ಕಟ್ಟಿಕೊಂಡಿತ್ತು. ದೀರ್ಘಕಾಲ ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಕಬ್ಬಿಣದ ಅಂಶ ಕರಗಿ ಹೋಗುವುದರಿಂದ ಹೀಗಾಗುತ್ತದೆ. ಕೆಂಪು ಮಣ್ಣಿನ ಗುಳಿಗೂ ಬೂದು ಮಣ್ಣಿನ ಗುಳಿಗೂ ನಡುವೆ ಗಡಿಯ ಗುರುತಾಗಿ ಗುಲಾಬಿ ಪಟ್ಟಿ ಕಟ್ಟಿದೆವು, ಸರ್ವೆಯವರು ಅದನ್ನು ಅಳೆದು ನಕ್ಷೆಗೆ ಇಳಿಸಿದರು, ಕೋರ್‌ನ ಅಧಿಕಾರಿ ಸ್ಥಳಕ್ಕೆ ಬಂದು ಒಂದೆರಡು ಕಡೆ ಪಟ್ಟಿಯನ್ನು ಮೇಲಕ್ಕೆ ಸರಿಸಿ ಒಪ್ಪಿಗೆ ಕೊಟ್ಟರು.

ಮೂಲೆಯಲ್ಲಿ ಯಾವ ಹಳ್ಳಕ್ಕೂ ಸೇರದ ಒಂದು ಸಣ್ಣ ತಗ್ಗು ಕೂಡ ಜೌಗಾಗಿತ್ತು. 2023ರ ಮೇ ತಿಂಗಳಲ್ಲಿ ಸ್ಯಾಕೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಳಿಕ, ಕಾನೂನಿನ ವ್ಯಾಪ್ತಿಗೆ ಬರುವ ನೀರಿನೊಡನೆ ಮೇಲ್ಮೈಯಲ್ಲಿ ಎಡೆಬಿಡದ ಸಂಪರ್ಕವಿರುವ ಜೌಗು ಮಾತ್ರ ಕೇಂದ್ರದ ಅಧಿಕಾರಕ್ಕೆ ಒಳಪಡುತ್ತದೆ. ಆದ್ದರಿಂದ ವ್ಯಾಪ್ತಿಯ ಬಗ್ಗೆ ಅಧಿಕೃತ ನಿರ್ಣಯವನ್ನೇ ಕೇಳಿದೆ. ಪ್ರಾಥಮಿಕ ನಿರ್ಣಯ ಬೇಗ ಸಿಗುತ್ತದೆ, ಆದರೆ ಅದರಲ್ಲಿ ಕಂಡ ನೀರೆಲ್ಲವನ್ನೂ ವ್ಯಾಪ್ತಿಯೊಳಗೆ ಎಂದೇ ಎಣಿಸುತ್ತಾರೆ. ಅಧಿಕೃತ ನಿರ್ಣಯ ತಡವಾದರೂ ಸಾಮಾನ್ಯವಾಗಿ ಐದು ವರ್ಷ ನಿಲ್ಲುತ್ತದೆ. ತಗ್ಗು ವ್ಯಾಪ್ತಿಯ ಹೊರಗೆ ಉಳಿಯಿತು.

ಇನ್ನು ಲೆಕ್ಕಾಚಾರ. ಶಾಲೆ, ಅಂಗಡಿ, ಪ್ರಾರ್ಥನಾ ಮಂದಿರಗಳಂಥ ಕಟ್ಟಡಗಳಿಗೆ ದೇಶವ್ಯಾಪಿ ಅನುಮತಿ 39 ಎಂಬ ಸಿದ್ಧ ದಾರಿ ಇದೆ. ನಷ್ಟವಾಗುವ ನೀರಿನ ಪ್ರದೇಶ ಅರ್ಧ ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಗುಂಟೆ, ಮೀರಬಾರದು. ಮೀರಿದರೆ ಪ್ರತ್ಯೇಕ ಅನುಮತಿಯೇ ಬೇಕು: ಸಾರ್ವಜನಿಕ ಪ್ರಕಟಣೆ, ಪರ್ಯಾಯ ಸ್ಥಳಗಳ ವಿಶ್ಲೇಷಣೆ, ಎಷ್ಟೋ ತಿಂಗಳುಗಳ ಕಾಯುವಿಕೆ. ಹಳೆಯ ನಕ್ಷೆ ಈ ಮಿತಿಯನ್ನು ಸುಲಭವಾಗಿ ದಾಟುತ್ತಿತ್ತು. ವಾಹನ ನಿಲುಗಡೆಯನ್ನು ದಿಣ್ಣೆಗೆ ತಳ್ಳಿದೆವು, ಮಳೆನೀರಿನ ಹೊಂಡವನ್ನು ಜೌಗಿನಿಂದ ಹೊರತಂದೆವು, ಹಳ್ಳ ದಾಟುವ ಜಾಗವನ್ನು ಜೌಗು ಅತ್ಯಂತ ಕಿರಿದಾಗಿರುವ ಕಡೆಗೆ ಸರಿಸಿದೆವು. ಅತಿ ಹೆಚ್ಚು ಉಳಿತಾಯ ಬಂದದ್ದು ರಸ್ತೆಯಡಿಯ ಮೋರಿಯಿಂದ. ಹನ್ನೆರಡು ಅಡಿ ಎತ್ತರದ ಮಣ್ಣಿನ ಏರಿಗೆ ಒಂದಕ್ಕೆ ಮೂರರ ಇಳಿಜಾರು ಕೊಟ್ಟರೆ ಎರಡೂ ಬದಿ ಸೇರಿ 72 ಅಡಿ ಜಾಗವನ್ನು ಇಳಿಜಾರೇ ನುಂಗುತ್ತದೆ. ಮೋರಿಯ ಎರಡೂ ಬಾಯಿಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದಾಗ ಅಷ್ಟೂ ಉಳಿಯಿತು, ಮೋರಿಯೂ ಗಿಡ್ಡವಾಯಿತು. ಗೋಡೆಯ ಖರ್ಚು ಕಂಡು ಶಾಲೆಯವರು ಹುಬ್ಬೇರಿಸಿದರು, ಜೌಗಿನ ನಷ್ಟಕ್ಕೆ ಪ್ರತಿಯಾಗಿ ಮುಂದೆ ಕೊಳ್ಳಬೇಕಾಗಿದ್ದ ಪರಿಹಾರದ ಬೆಲೆಯನ್ನು ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಒಪ್ಪಿದರು. ದೊಡ್ಡ ಮೋರಿಯಾದರೆ ಅದರ ತಳವನ್ನು ಹಳ್ಳದ ತಳಕ್ಕಿಂತ ಒಂದು ಅಡಿ ಆಳಕ್ಕೆ ಹೂಳಬೇಕೆಂಬುದು ನಮ್ಮ ರಾಜ್ಯದ ಷರತ್ತು, ಮೀನು ಮತ್ತಿತರ ಜಲಚರಗಳು ತಡೆಯಿಲ್ಲದೆ ಓಡಾಡಲಿ ಎಂದು.

ನಷ್ಟ ಆರು ಗುಂಟೆಯ ಆಸುಪಾಸಿಗೆ ಇಳಿಯಿತು. ಹತ್ತನೇ ಒಂದು ಎಕರೆ, ಅಂದರೆ ನಾಲ್ಕು ಗುಂಟೆ, ದಾಟಿದ ಜೌಗಿನ ನಷ್ಟಕ್ಕೆ ಸಾಮಾನ್ಯವಾಗಿ ಪರಿಹಾರ ಕೊಡಲೇಬೇಕು. 2008ರ ನಿಯಮದ ಪ್ರಕಾರ ಮೊದಲ ಆದ್ಯತೆ ಮಿಟಿಗೇಶನ್ ಬ್ಯಾಂಕ್‌ಗಳಿಗೆ, ಅಂದರೆ ಬೇರೆಡೆ ಜೌಗನ್ನು ಮರುಜೀವಗೊಳಿಸಿ ಅದರ ಕ್ರೆಡಿಟ್ ಮಾರುವವರಿಗೆ. ನಮ್ಮ ಹಳ್ಳದ ನೀರು ಸೇರುವ ನ್ಯೂಸ್ ನದಿಯ ಜಲಾನಯನದಲ್ಲೇ ಕ್ರೆಡಿಟ್ ಕಾದಿರಿಸಿದ ಪತ್ರವನ್ನು ಅರ್ಜಿಗೆ ಲಗತ್ತಿಸಿದೆ.

39ರ ಅಡಿಯಲ್ಲಿ ಕೆಲಸಕ್ಕೆ ಮುಂಚೆ ಕೋರ್‌ಗೆ ಸೂಚನೆ ಕೊಡುವುದು ಕಡ್ಡಾಯ. ಅರ್ಜಿ ಪೂರ್ಣವಾಗಿ 45 ದಿನ ಕಳೆದರೂ ಉತ್ತರ ಬರದಿದ್ದರೆ ಕೆಲಸ ಶುರು ಮಾಡಬಹುದು ಎಂಬ ಮಾತನ್ನು ಅರ್ಧ ಕೇಳಿ ಯಂತ್ರ ಇಳಿಸುವವರಿದ್ದಾರೆ. ಅಳಿವಿನಂಚಿನ ಜೀವಿಗಳ ಅಥವಾ ಚಾರಿತ್ರಿಕ ಆಸ್ತಿಗಳ ಸಮಾಲೋಚನೆ ಬಾಕಿ ಇದ್ದರೆ ಆ ಗಡುವು ಅನ್ವಯಿಸುವುದಿಲ್ಲ. ನಮ್ಮಲ್ಲಿ ಬಾವಲಿಗಳ ಪ್ರಶ್ನೆ ಇತ್ತು, ಆದ್ದರಿಂದ ಮರ ಕಡಿಯುವ ಕಾಲವನ್ನು ಚಳಿಗಾಲಕ್ಕೆ ಹೊಂದಿಸಿ ಅರ್ಜಿಯಲ್ಲೇ ಬರೆದೆವು. ಇದರ ಜೊತೆಗೆ 401ನೇ ಸೆಕ್ಷನ್ನಿನ ನೀರಿನ ಗುಣಮಟ್ಟದ ಪ್ರಮಾಣಪತ್ರವೂ, ಹಳ್ಳದ ಇಕ್ಕೆಲದ 50 ಅಡಿ ಹಸಿರು ಪಟ್ಟಿಯನ್ನು ರಸ್ತೆ ದಾಟಲು ಒಪ್ಪಿಗೆಯೂ ರಾಜ್ಯದಿಂದ ಬರಬೇಕಿತ್ತು.

ಅನುಮತಿ ಪತ್ರ ಬಂದ ಮೇಲೆ ಅದರ ಷರತ್ತುಗಳನ್ನು ನಿರ್ಮಾಣದ ನಕ್ಷೆಯ ಮೊದಲ ಹಾಳೆಯಲ್ಲೇ ಅಚ್ಚು ಹಾಕಿಸಿದೆ, ಏಕೆಂದರೆ ಕಚೇರಿಯ ಕಡತದಲ್ಲಿರುವ ಪತ್ರವನ್ನು ಅಗೆಯುವ ಯಂತ್ರದ ಚಾಲಕ ಎಂದೂ ಓದುವುದಿಲ್ಲ. ಜೌಗಿನ ಗಡಿಗೆ ಕಿತ್ತಳೆ ಬಣ್ಣದ ಬಲೆ ಬೇಲಿ ಹಾಕಿಸಿ, ಮೊದಲ ಸಭೆಯನ್ನು ಅದರ ಪಕ್ಕದಲ್ಲೇ ನಡೆಸಿದೆವು. ಮೋರಿ ಮುಗಿದು ಹಳ್ಳದ ದಡಕ್ಕೆ ಮತ್ತೆ ಬೀಜ ಬಿತ್ತಿದ ಬಳಿಕ, ಕೆಲಸ ಷರತ್ತಿಗೆ ಅನುಗುಣವಾಗಿದೆ ಎಂಬ ದೃಢೀಕರಣಕ್ಕೆ ಶಾಲೆಯವರ ಸಹಿ ಹಾಕಿಸಿ ಕೋರ್‌ಗೆ ಕಳುಹಿಸಿದೆ. ಕೆಲಸ ಮುಗಿದ 30 ದಿನಗಳೊಳಗೆ ಇದು ತಲುಪಬೇಕು.