ದಾರಿಗೆ ತಕ್ಕ ಹಾಡು: ಔಟರ್ ರಿಂಗ್ ರೋಡ್‌ನಿಂದ ಶಿರಾಡಿ ಘಾಟಿಯವರೆಗೆ

ಕಾರಿನಲ್ಲಿ ಯಾವ ಹಾಡು ಹಾಕಬೇಕು ಅನ್ನೋದನ್ನ ನಾನು ಬರೀ ಇಷ್ಟ ನೋಡಿ ತೀರ್ಮಾನ ಮಾಡುವುದಿಲ್ಲ. ದಾರಿ ನನ್ನ ಗಮನವನ್ನು ಎಷ್ಟು ಬೇಡುತ್ತದೆ, ಇನ್ನೆಷ್ಟು ಮಿಗುತ್ತದೆ ಅಂತ ನೋಡುತ್ತೇನೆ. ಮಿಕ್ಕಿದ್ದಷ್ಟು ಹಾಡಿಗೆ. ವಾರವೆಲ್ಲ ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿ ಆಫೀಸಿಗೆ ಓಡಾಟ. ರಜೆ ಸಿಕ್ಕಾಗ ಪುತ್ತೂರಿನ ಕಡೆ ಊರಿಗೆ. ಎರಡಕ್ಕೂ ಒಂದೇ ಪ್ಲೇಲಿಸ್ಟ್ ಒಗ್ಗುವುದಿಲ್ಲ.

ಮೊದಲು ಸಿಟಿ ವಿಷಯ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆ ದಿನಾ ಹೋಗುವವರಿಗೆ ಗೊತ್ತು, ಅಲ್ಲಿ ಸ್ಪೀಡ್ ಇಲ್ಲ, ಆದರೂ ತಲೆಗೆ ಪುರಸೊತ್ತಿಲ್ಲ. ಎಡಗಡೆಯಿಂದ ಬೈಕ್ ನುಗ್ಗುತ್ತದೆ. ಮುಂದಿದ್ದ ಆಟೋ ಇದ್ದಕ್ಕಿದ್ದ ಹಾಗೆ ನಿಲ್ಲುತ್ತದೆ. ಬಸ್ ಸ್ಟಾಪ್ ಬಂತು ಅಂತ ಬಿಎಂಟಿಸಿ ಬಸ್ಸು ಅಡ್ಡ ಬರುತ್ತದೆ. ಇದರಲ್ಲಿ ಎಷ್ಟೋ ಸಲ ಮೊದಲು ಎಚ್ಚರಿಸುವುದು ಕಣ್ಣಲ್ಲ, ಕಿವಿ. ಹಾಗಾಗಿ ಸಿಟಿಯಲ್ಲಿ ನಾನಾಗಿ ಆರಿಸಿ ಹಾಕುವುದು ಬಾಯಿಪಾಠ ಆಗಿರುವ ಹಾಡುಗಳನ್ನು ಮಾತ್ರ. ಹೊಸ ಹಾಡಾದರೆ ಮನಸ್ಸು ಸಾಹಿತ್ಯದ ಹಿಂದೆ ಹೊರಟುಬಿಡುತ್ತದೆ. ಹಳೇದಾದರೆ ನಡುವೆ ಎರಡು ಸಾಲು ತಪ್ಪಿದರೂ ಬೇಜಾರಿಲ್ಲ.

ವಾಲ್ಯೂಮ್ ಎಷ್ಟಿರಬೇಕು ಅನ್ನೋದಕ್ಕೆ ನನ್ನದೊಂದು ಸುಲಭದ ಅಳತೆ ಇದೆ. ಗಾಡಿ ನಿಂತಿರುವಾಗ ಇಂಡಿಕೇಟರ್ ಹಾಕಿ. ಹಾಡಿನ ನಡುವೆಯೂ ಅದರ ಟಿಕ್ ಟಿಕ್ ಕೇಳಿಸಬೇಕು. ಕೇಳಿಸದಿದ್ದರೆ ಸೌಂಡ್ ಜಾಸ್ತಿ ಆಯ್ತು ಅಂತಲೇ. ಆ ಟಿಕ್ ಟಿಕ್ ಮುಚ್ಚಿಹೋಗುವಷ್ಟು ಸೌಂಡ್ ಇದ್ದರೆ, ಹಿಂದೆ ದೂರದಲ್ಲಿ ಬರುತ್ತಿರುವ ಆಂಬುಲೆನ್ಸ್ ಕೂಡ ಬೇಗ ಕೇಳಿಸುವುದಿಲ್ಲ. ಇನ್ನೊಂದು ಕೆಲಸ, ಸೈರನ್, ಹಾರ್ನ್, ಪೊಲೀಸ್ ಸೀಟಿಯಂಥ ಸದ್ದು ಸೇರಿಸಿರುವ ಹಾಡುಗಳನ್ನೆಲ್ಲ ಸಿಟಿ ಪಟ್ಟಿಯಿಂದ ತೆಗೆದುಹಾಕಿದ್ದೇನೆ. ಸಿನಿಮಾ ಹಾಡುಗಳಲ್ಲಿ ಇಂಥವು ಬೇಕಾದಷ್ಟಿವೆ. ಸ್ಪೀಕರಿನಲ್ಲಿ ಹಾರ್ನ್ ಬಂದಾಗ ಸುಮ್ನೆ ಕನ್ನಡಿ ನೋಡುವ ಹಾಗಾಗುತ್ತದೆ. ಅದಕ್ಕಿಂತ ಅಪಾಯ ಅಂದರೆ, ಅದು ಅಭ್ಯಾಸವಾಗಿ ನಿಜವಾದ ಹಾರ್ನ್ ಬಂದಾಗ ನೋಡದೇ ಇರುವುದು.

ತಾಳದ ವೇಗಕ್ಕೂ ಕಾಲಿಗೂ ಸಂಬಂಧ ಇದೆ. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ವಾರೆನ್ ಬ್ರಾಡ್‌ಸ್ಕಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡ್ರೈವಿಂಗ್ ಸಿಮ್ಯುಲೇಟರ್ ಮುಂದೆ ಜನರನ್ನು ಕೂರಿಸಿ ಬೇರೆ ಬೇರೆ ವೇಗದ ಸಂಗೀತ ಕೇಳಿಸಿದ್ದರು. ತಾಳ ಚುರುಕಾದಷ್ಟೂ ಗಾಡಿಯ ವೇಗ ಏರಿತು, ಕೆಂಪು ದೀಪ ದಾಟುವಂಥ ತಪ್ಪುಗಳೂ ಹೆಚ್ಚಿದವು. ನನಗೂ ಇದು ಅನುಭವಕ್ಕೆ ಬಂದಿದೆ. ಕುಣಿಸುವ ಬೀಟ್ ಇದ್ದಾಗ ಸಿಗ್ನಲ್ ಹಸಿರಾಗುವ ಮೊದಲೇ ಕ್ಲಚ್ ಮೇಲಿನ ಕಾಲು ಚಡಪಡಿಸುತ್ತದೆ. ಸಂಜೆ ಜಾಮ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಅಂಥ ಹಾಡು ಬೇಡವೇ ಬೇಡ. ಮುಂದೆ ಹೋಗಲು ಜಾಗವಿಲ್ಲ, ಹಾಡು ಮಾತ್ರ ಓಡು ಓಡು ಅನ್ನುತ್ತದೆ. ಸಿಟ್ಟು ಬಾರದೆ ಇನ್ನೇನು? ಆ ಹೊತ್ತಿಗೆ ನನಗೆ ಭಾವಗೀತೆಗಳೇ ಸರಿ. ಒಂದು ದನಿ, ಹಾರ್ಮೋನಿಯಂ, ತಬಲಾ, ಅಷ್ಟೇ. ಸಿ. ಅಶ್ವತ್ಥ್ ಅವರಂಥ ತುಂಬು ದನಿ ಕಡಿಮೆ ಸೌಂಡ್‌ನಲ್ಲೂ ಸ್ಪಷ್ಟವಾಗಿ ಕೇಳುತ್ತದೆ.

ಬೆಳಿಗ್ಗೆ ಹೋಗುವಾಗ ಎಫ್‌ಎಂ. ಆಕಾಶವಾಣಿಯ 101.3 ಅಥವಾ ವಿವಿಧ ಭಾರತಿ. ಹಾಡು ಆರಿಸುವ ಕೆಲಸ ಬೇರೆಯವರದ್ದು, ನನ್ನ ಕೈ ಸ್ಟೀರಿಂಗ್ ಮೇಲೆ. ಸಿಗ್ನಲ್‌ನಲ್ಲಿ ನಿಂತಾಗ ಫೋನ್ ತೆಗೆದು ಮುಂದಿನ ಹಾಡು ಹುಡುಕುವವರನ್ನು ದಿನಾ ನೋಡುತ್ತೇನೆ. ದಯವಿಟ್ಟು ಬೇಡ. ಹೊರಡುವ ಮೊದಲು ಆರಿಸಿ, ಹೊರಟ ಮೇಲೆ ಬಂದದ್ದನ್ನು ಕೇಳಿ.

ಊರಿನ ದಾರಿಯೇ ಬೇರೆ. ನೆಲಮಂಗಲ, ಕುಣಿಗಲ್, ಎಡೆಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಇಳಿದು ಗುಂಡ್ಯ, ಉಪ್ಪಿನಂಗಡಿ. ಹಿಂದಿನ ರಾತ್ರಿಯೇ ಪೆನ್‌ಡ್ರೈವ್ ರೆಡಿ ಮಾಡುತ್ತೇನೆ. ಹಾಡುಗಾರರ ಹೆಸರಿನಲ್ಲಿ ಅಲ್ಲ, ದಾರಿಯ ತುಂಡುಗಳ ಹೆಸರಿನಲ್ಲಿ ಫೋಲ್ಡರ್: ‘01 ಕುಣಿಗಲ್’, ‘02 ಹಾಸನ’, ‘03 ಸಕಲೇಶಪುರ’, ‘04 ಗುಂಡ್ಯ ನಂತರ’. ಮುಂದೆ ನಂಬರ್ ಹಾಕಿದರೆ ಸ್ಟೀರಿಯೋ ಅದೇ ಕ್ರಮದಲ್ಲಿ ಹಾಡುತ್ತಾ ಹೋಗುತ್ತದೆ. ಫೋನಿನ ಆ್ಯಪ್ ನಂಬಿಕೊಂಡು ಹೊರಟರೆ ಘಾಟಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಹಾಡು ನಿಲ್ಲುತ್ತದೆ. ಏನಾಯ್ತು ಅಂತ ಫೋನ್ ಎತ್ತಿಕೊಳ್ಳುವುದು ಸರಿಯಾಗಿ ತಿರುವಿನಲ್ಲೇ. ಆ್ಯಪ್ ಬೇಕೇ ಬೇಕು ಅಂದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಬೆಳಗಿನ ಜಾವ ಹೊರಟರೆ ಕುಣಿಗಲ್‌ವರೆಗೆ ಅಮ್ಮನ ಪಾಳಿ. “ಬೆಳಿಗ್ಗೆ ಬೆಳಿಗ್ಗೆ ಆ ಡಬ ಡಬ ಹಾಕ್ಬೇಡ ಮಾರಾಯ, ದೇವರ ನಾಮ ಹಾಕು” ಅನ್ನುತ್ತಾರೆ. ನನಗೂ ಅದೇ ಬೇಕು. ಹಿಂದೆ ಮಕ್ಕಳು ಇನ್ನೂ ನಿದ್ದೆಯಲ್ಲಿರುತ್ತವೆ. ಸ್ಟೀರಿಯೋ ಸೆಟ್ಟಿಂಗ್‌ನಲ್ಲಿ ಫೇಡರ್ ಅಂತ ಇರುತ್ತದೆ, ಅದನ್ನು ಪೂರ್ತಿ ಮುಂದಕ್ಕೆ ತಂದರೆ ಹಿಂದಿನ ಸ್ಪೀಕರ್ ಸುಮ್ಮನಾಗುತ್ತದೆ. ಮುಂದಿನವರಿಗೆ ಹಾಡು, ಹಿಂದಿನವರಿಗೆ ನಿದ್ದೆ.

ನಿಜವಾದ ಪರೀಕ್ಷೆ ಎಡೆಯೂರಿನಿಂದ ಹಾಸನದವರೆಗಿನ ದಾರಿ. ನಾಲ್ಕು ಲೇನು, ಒಳ್ಳೆ ರಸ್ತೆ. ಮಾಡಲು ಕೆಲಸ ಕಮ್ಮಿ, ಮನಸ್ಸು ಮಂಕಾಗುತ್ತದೆ. ಸಿಟಿಗೆ ಹೇಳಿದ್ದಕ್ಕೆ ಇಲ್ಲಿ ಪೂರಾ ಉಲ್ಟಾ. ಗೊತ್ತಿರುವ ಹಾಡು ಇಲ್ಲಿ ಜೋಗುಳ. ಮನಸ್ಸು ಬೆನ್ನು ಹತ್ತಿ ಹೋಗುವಂಥದ್ದೇ ಬೇಕು. ನಾನು ಕಂಡುಕೊಂಡ ಅತ್ಯುತ್ತಮ ಜೊತೆ ತಾಳಮದ್ದಳೆ. ಯಕ್ಷಗಾನದ ಪದ್ಯ, ಚೆಂಡೆ, ಮದ್ದಳೆ ಎಲ್ಲ ಇರುತ್ತದೆ. ಆದರೆ ವೇಷ ಇಲ್ಲ, ಕುಣಿತ ಇಲ್ಲ. ನೋಡುವುದಕ್ಕೇನೂ ಇಲ್ಲದ ಕಲೆ, ಕೇಳುವುದಕ್ಕೆಂದೇ ಇರುವುದು. ಡ್ರೈವ್ ಮಾಡುವವನಿಗೆ ಇದಕ್ಕಿಂತ ಒಳ್ಳೇದು ಯಾವುದಿದೆ ಹೇಳಿ? ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಆಗಿಂದಾಗಲೇ ಮಾತು ಕಟ್ಟುತ್ತಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಧ್ವನಿಮುದ್ರಣ ಹಾಕಿದೆ ಅಂದರೆ, ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಕೇಳುತ್ತಾ ಹೋದಂತೆ ನಾನೂ ಮನಸ್ಸಿನಲ್ಲೇ ಉತ್ತರ ಹುಡುಕುತ್ತಿರುತ್ತೇನೆ. ಪದ್ಯ, ಮಾತು, ಮತ್ತೆ ಪದ್ಯ. ಈ ಬದಲಾವಣೆಯೇ ಎಚ್ಚರವಾಗಿಡುತ್ತದೆ. ಕರಾವಳಿಯವರಲ್ಲದ ಗೆಳೆಯರಿಗೂ ಇದನ್ನು ಅಂಟಿಸಿದ್ದೇನೆ. ಮೊದಲ ಅರ್ಧ ಗಂಟೆ ಭಾಷೆ ಸ್ವಲ್ಪ ಬಿಗಿ ಅನ್ನಿಸಬಹುದು, ಆಮೇಲೆ ಬಿಡುವುದಿಲ್ಲ.

ಶಾಸ್ತ್ರೀಯ ಸಂಗೀತದ ಬಗ್ಗೆ ಒಂದು ಮಾತು. ಮನೆಯಲ್ಲಿ ನಾನು ಜಾಸ್ತಿ ಕೇಳುವುದು ಅದನ್ನೇ. ಆದರೆ ಹೈವೇಯಲ್ಲಿ ಟೈರಿನ ಮೊರೆತ, ಗಾಳಿಯ ಸದ್ದು ಎರಡೂ ಸೇರಿ ಮೆಲುವಾದ ಆಲಾಪನೆಯನ್ನು ನುಂಗಿಬಿಡುತ್ತವೆ. ಕೇಳಿಸಲಿ ಅಂತ ಸೌಂಡ್ ಏರಿಸುತ್ತೇವೆ, ಅಷ್ಟರಲ್ಲಿ ತಾಳವಾದ್ಯಗಳ ಸರದಿ, ತನಿ ಆವರ್ತನ, ಶುರುವಾಗಿ ಮೃದಂಗ ಕಿವಿಗೆ ಬಡಿಯುತ್ತದೆ. ಸಿನಿಮಾ ಹಾಡುಗಳಿಗೆ ಈ ತೊಂದರೆ ಕಮ್ಮಿ, ಅವುಗಳ ಸೌಂಡ್ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ. ಆದರೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಆ ಗದ್ದಲದಲ್ಲೂ ನಿಲ್ಲುತ್ತದೆ. ಅಷ್ಟು ಗಟ್ಟಿ ನಾದ ಅದರದ್ದು. ಹಾಸನ ದಾಟಿ ಸಕಲೇಶಪುರ ಬರುವವರೆಗೆ ಅದೇ ನನ್ನ ಆಯ್ಕೆ. ಅಂದ ಹಾಗೆ, ಹೈವೇಯಲ್ಲಿ ಬೇಸ್ ಏರಿಸಿ ಪ್ರಯೋಜನವಿಲ್ಲ. ರಸ್ತೆಯ ಸದ್ದೂ ಅದೇ ಕೆಳಗಿನ ಸ್ಥಾಯಿಯದ್ದು, ಡೋರ್ ಪ್ಯಾಡ್ ನಡುಗುವುದಷ್ಟೇ ಲಾಭ. ಬೇಸ್ ಇಳಿಸಿ ಮಿಡ್ (ನಡುಸ್ಥಾಯಿ) ಸ್ವಲ್ಪ ಏರಿಸಿ ನೋಡಿ, ದನಿ ಮುಂದೆ ಬರುತ್ತದೆ.

ಸಕಲೇಶಪುರ ಬಿಟ್ಟು ಘಾಟಿ ಶುರುವಾಗುವ ದೋಣಿಗಾಲ್ ಬಂತೋ, ಸ್ಟೀರಿಯೋ ಬಂದ್. ಗುಂಡ್ಯದವರೆಗೆ ಏನೂ ಇಲ್ಲ. ಮಳೆಗಾಲದಲ್ಲಂತೂ ಇದಕ್ಕೆ ವಿನಾಯಿತಿಯೇ ಇಲ್ಲ. ಮಂಜು, ಮಳೆ, ಎದುರಿಗೆ ಏದುಸಿರು ಬಿಡುತ್ತಾ ಹತ್ತುವ ಟ್ಯಾಂಕರ್‌ಗಳು. ತಿರುವಿನ ಆಚೆ ಏನಿದೆ ಅಂತ ಮೊದಲು ತಿಳಿಯುವುದು ಹಾರ್ನ್‌ನಿಂದ. ನಾನು ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿರುತ್ತೇನೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವಾಗ ಎಂಜಿನ್ನಿನ ದನಿ ಕೇಳುತ್ತಿರಬೇಕು. ಅದು ಏರಿದರೆ ಗಾಡಿಯ ವೇಗ ಏರುತ್ತಿದೆ ಅಂತ ಮೀಟರ್ ನೋಡದೆಯೇ ಗೊತ್ತಾಗುತ್ತದೆ. ಮಕ್ಕಳಿಗೆ ಬೇಜಾರಾಗುತ್ತದೆ, ನಿಜ. ಪಿಸುದನಿಯ ಅಂತ್ಯಾಕ್ಷರಿಗೆ ಅಡ್ಡಿಯಿಲ್ಲ.

ಗುಂಡ್ಯ ದಾಟಿದ ಮೇಲೆ ಪಾಳಿ ಮಕ್ಕಳದ್ದು. ಅವರು ಏನು ಹಾಕಿದರೂ ಸರಿ, ಇಂಡಿಕೇಟರ್ ಅಳತೆ ಮಾತ್ರ ಅವರಿಗೂ ಅನ್ವಯ. ಊರು ಹತ್ತಿರವಾದ ಹಾಗೆ ಮಂಗಳೂರು ಆಕಾಶವಾಣಿಯ 100.3 ಸಿಗಲು ಶುರುವಾಗುತ್ತದೆ. ತುಳು ಹಾಡು ಬಂದರೆ ಅಮ್ಮ ಸೌಂಡ್ ಏರಿಸು ಅನ್ನುತ್ತಾರೆ.

ನಿದ್ದೆಯ ವಿಷಯ ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತೇನೆ. ಬೇಜಾರಿಗೆ ಹಾಡು ಮದ್ದು, ನಿದ್ದೆಗಲ್ಲ. ಮಧ್ಯಾಹ್ನ ಊಟ ಆದ ಮೇಲೆ ಎರಡರಿಂದ ನಾಲ್ಕರ ನಡುವೆ, ಬೆಳಗಿನ ಜಾವ ಆರರವರೆಗೆ ಮೈಯೇ ನಿದ್ದೆ ಬೇಡುತ್ತದೆ. ಆಗ ಸೌಂಡ್ ಏರಿಸಿದರೆ ಎಚ್ಚರ ಬಂತು ಅನ್ನುವ ಭ್ರಮೆ ಬರುತ್ತದೆ, ಅಷ್ಟೇ. ಕಣ್ಣು ಉರಿದರೆ, ಈಗಷ್ಟೇ ಮುಗಿದ ಹಾಡು ಯಾವುದು ಅಂತ ನೆನಪಾಗದಿದ್ದರೆ, ಹೋಟೆಲ್ ನೋಡಿ ನಿಲ್ಲಿಸಿ. ಕಾಫಿ ಕುಡಿದು ಸೀಟು ಒರಗಿಸಿ ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು, ಎದ್ದ ಸ್ವಲ್ಪ ಹೊತ್ತಿಗೆ ಅದರ ಸಹಾಯವೂ ಸಿಗುತ್ತದೆ.

ವಾಪಸ್ ಬರುವಾಗ ಇದೇ ಪಟ್ಟಿಯನ್ನು ತಿರುವಿ ಹಾಕಿದರೆ ನಡೆಯುವುದಿಲ್ಲ. ಭಾನುವಾರ ಸಂಜೆ ಕುಣಿಗಲ್ ದಾಟುವ ಹೊತ್ತಿಗೆ ಮೈ ದಣಿದಿರುತ್ತದೆ, ನೆಲಮಂಗಲದಲ್ಲಿ ಗಾಡಿಗಳ ಸಾಲು ಕಾದಿರುತ್ತದೆ. ಅದಕ್ಕೆಂದೇ ‘05 ನೆಲಮಂಗಲ’ ಅಂತ ಒಂದು ಫೋಲ್ಡರ್ ಬೇರೆ ಇಟ್ಟಿದ್ದೇನೆ. ಅದರಲ್ಲಿರುವುದು ಸಿಟಿ ಪಟ್ಟಿಯ ಭಾವಗೀತೆಗಳೇ. ಕುಣಿಗಲ್‌ನಲ್ಲೇ ಅದನ್ನು ಶುರು ಮಾಡುತ್ತೇನೆ, ಬೆಂಗಳೂರೊಳಗೆ ಬರುವಷ್ಟರಲ್ಲಿ ಕಾಲೂ ಕಿವಿಯೂ ಸಿಟಿ ಓಟಕ್ಕೆ ಹೊಂದಿಕೊಂಡಿರುತ್ತವೆ.