ಬಲ ದುಪ್ಪಟ್ಟಾದರೆ ಲಾರಿ ಎಷ್ಟು ಬೇಗ ಓಡುತ್ತದೆ? ಮನೆಯ ಮೇಜಿನ ಮೇಲೆ ಅಳೆದು ನೋಡಿ

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲಿಗಳು ತಳ್ಳುಗಾಡಿ ತಳ್ಳುವುದನ್ನು ಒಮ್ಮೆ ಗಮನಿಸಿ. ಬಾಕ್ಸ್ ತುಂಬಿದ ಗಾಡಿಯನ್ನು ಹೊರಡಿಸಲು ಮೈಯ ಶಕ್ತಿಯನ್ನೆಲ್ಲ ಹಾಕುತ್ತಾರೆ. ಹೊರಟ ಮೇಲೆ ಅಷ್ಟು ಕಷ್ಟವಿಲ್ಲ. ನಿಲ್ಲಿಸುವಾಗ ಮತ್ತೆ ಹಿಂದಕ್ಕೆ ವಾಲಿ ಎಳೆಯಬೇಕು. 15 ಕೆ.ಜಿ.ಯ ಬಾಕ್ಸ್‌ಗಳು ಜಾಸ್ತಿಯಾದಷ್ಟೂ ಹೊರಡಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ರಾಶಿ (ಇಂಗ್ಲಿಷಿನ 'ಮಾಸ್'), ಬಲ, ಚಲನೆ ಮೂರರ ಸಂಬಂಧವೂ ಇಲ್ಲಿದೆ.

ಒಂಬತ್ತನೇ ತರಗತಿಯ ಮಕ್ಕಳು ಇದನ್ನೇ 'ಬಲ = ರಾಶಿ × ವೇಗೋತ್ಕರ್ಷ' (ವೇಗೋತ್ಕರ್ಷ ಎಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬುದು) ಎಂದು ಬಾಯಿಪಾಠ ಮಾಡುತ್ತಾರೆ. ಲೆಕ್ಕ ಬಿಡಿಸುತ್ತಾರೆ, ಅಂಕ ಪಡೆಯುತ್ತಾರೆ. ಆದರೆ 'ಗಾಡಿ ಓಡುತ್ತಲೇ ಇರಬೇಕಾದರೆ ತಳ್ಳುತ್ತಲೇ ಇರಬೇಕು ಅಲ್ವಾ?' ಎಂದು ಕೇಳಿದರೆ ಹೆಚ್ಚಿನವರು ಹೌದು ಎನ್ನುತ್ತಾರೆ. ಅದು ತಪ್ಪು. ಓಡುವುದಕ್ಕೆ ಬಲ ಬೇಕಿಲ್ಲ. ಓಟ ಬದಲಾಗುವುದಕ್ಕೆ ಬಲ ಬೇಕು. 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮಗಳ ಜೀವಾಳ ಇದು. ಒಂದು ಆಟದ ಲಾರಿ, ಒಂದಿಷ್ಟು ರಾಗಿ ಇದ್ದರೆ ಇದನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು.

ಬೇಕಾದ ಸಾಮಾನು

ಸುಮಾರು ಒಂದೂವರೆ ಮೀಟರ್ ಉದ್ದದ ನುಣುಪಾದ ಮೇಜು. ಚಕ್ರ ಸಲೀಸಾಗಿ ತಿರುಗುವ ಆಟದ ಲಾರಿ (ಕೀಲಿ ಕೊಡುವುದು, ಹಿಂದಕ್ಕೆ ಎಳೆದು ಬಿಡುವುದು ಬೇಡ). ಹೊಲಿಗೆ ದಾರ. ಹೊಲಿಗೆ ಯಂತ್ರದ ಬಾಬಿನ್ ಒಂದು, ಅದನ್ನು ತೂರಿಸಲು ಸೈಕಲ್ ಚಕ್ರದ ಕಡ್ಡಿ. ಟೇಪು, ಮೊಬೈಲ್ ಫೋನು, ರಾಗಿ. ಲಾರಿ ಚಿಕ್ಕದಾದರೆ ತುಂಬಲು ರಾಗಿಯ ಬದಲು ಮರಳು ಒಳ್ಳೆಯದು.

ರಾಗಿಯಲ್ಲಿ 20 ಗ್ರಾಂನ ಎರಡು ಪೊಟ್ಟಣ ಕಟ್ಟಿ. ಇವೆರಡನ್ನು ಮಾತ್ರ ಒಡವೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ದಿನಸಿ ಅಂಗಡಿಯ ತಕ್ಕಡಿಗೆ ಇಷ್ಟು ಚಿಕ್ಕ ತೂಕ ಸರಿಯಾಗಿ ಸಿಗುವುದಿಲ್ಲ. ಲಾರಿಗೆ ರಾಗಿ ತುಂಬಿ, ಲಾರಿಯೂ ಸೇರಿ 460 ಗ್ರಾಂ ಮಾಡಿಕೊಳ್ಳಿ. ಎರಡು ಪೊಟ್ಟಣ ಸೇರಿದರೆ ಒಟ್ಟು ಅರ್ಧ ಕೆ.ಜಿ. ಇನ್ನೊಂದು ಅರ್ಧ ಕೆ.ಜಿ. ಚೀಲ ಪಕ್ಕದಲ್ಲಿರಲಿ.

ಕಡ್ಡಿಗೆ ತೂರಿಸಿದ ಬಾಬಿನ್ ಅನ್ನು ಮೇಜಿನ ಒಂದು ಅಂಚಿಗೆ ಟೇಪು ಹಾಕಿ ನಿಲ್ಲಿಸಿ. ದಾರದ ಒಂದು ತುದಿ ಲಾರಿಗೆ, ಇನ್ನೊಂದು ತುದಿ ಬಾಬಿನ್ ಮೇಲಿಂದ ಹಾದು ಕೆಳಗೆ ತೂಗಾಡಲಿ. ಲಾರಿಯಿಂದ ಬಾಬಿನ್‌ವರೆಗೆ ದಾರ ಮೇಜಿಗೆ ಸಮನಾಗಿರಬೇಕು. ಅಂಚಿನಲ್ಲಿ ಒಂದು ಟವೆಲ್ ಮಡಚಿಡಿ, ಇಲ್ಲದಿದ್ದರೆ ಲಾರಿ ಬಾಬಿನ್‌ಗೆ ಡಿಕ್ಕಿ ಹೊಡೆಯುತ್ತದೆ.

ಘರ್ಷಣೆಯ ಲೆಕ್ಕ ತೀರಿಸಿ

ಈ ಹಂತವನ್ನು ಅವಸರದಲ್ಲಿ ಮುಗಿಸಬೇಡಿ. ಪ್ರಯೋಗ ಕೆಡುವುದು ಇಲ್ಲೇ.

ದಾರ ಬಿಚ್ಚಿ, ಲಾರಿಯನ್ನು ಸುಮ್ನೆ ಒಮ್ಮೆ ನೂಕಿ ಬಿಡಿ. ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ನಿಮ್ಮ ಬಲ ಮುಗಿದುಹೋದದ್ದರಿಂದ ಅದು ನಿಂತಿದ್ದಲ್ಲ. ಕೈ ಬಿಟ್ಟ ಕ್ಷಣದಿಂದ ನಿಮ್ಮ ಬಲ ಅದರ ಮೇಲಿಲ್ಲ. ಚಕ್ರದ ಘರ್ಷಣೆ ಹಿಂದಕ್ಕೆ ಎಳೆದು ನಿಲ್ಲಿಸಿತು. ಈ ಘರ್ಷಣೆ ನಮ್ಮ ಸುತ್ತ ಎಲ್ಲ ಕಡೆ ಇರುವುದರಿಂದಲೇ ಓಡಲು ಬಲ ಬೇಕು ಎಂಬ ನಂಬಿಕೆ ಸಾವಿರಾರು ವರ್ಷ ಉಳಿದದ್ದು.

ಈಗ ಬಾಬಿನ್ ಇಲ್ಲದ ಕಡೆಯ ಮೇಜಿನ ಕಾಲುಗಳ ಕೆಳಗೆ ಹಳೆ ನೋಟ್‌ಬುಕ್ ಇಡುತ್ತಾ ಹೋಗಿ. ಒಂದೆರಡು ಇಂಚು ಎತ್ತರವಾದಾಗ ಮೇಜು ಬಾಬಿನ್ ಕಡೆಗೆ ಸ್ವಲ್ಪ ಇಳಿಜಾರಾಗುತ್ತದೆ. ಲಾರಿ ತಾನಾಗಿ ಹೊರಡಬಾರದು. ನೂಕಿದರೆ ಮಾತ್ರ ವೇಗ ಕಡಿಮೆಯಾಗದೆ, ಹೆಚ್ಚಾಗದೆ ಸಾಗಬೇಕು. ಮೇಜಿನ ಮೇಲೆ 30 ಸೆಂ.ಮೀ.ಗೊಂದು ಗೆರೆ ಎಳೆದು ವಿಡಿಯೊ ಮಾಡಿ. ಎರಡು ಗೆರೆಗಳ ನಡುವಿನ ಸಮಯ ಎಲ್ಲ ಕಡೆ ಒಂದೇ ಬಂದರೆ ಇಳಿಜಾರಿನ ಎಳೆತ ಘರ್ಷಣೆಯನ್ನು ಸರಿದೂಗಿಸಿತು ಎಂದರ್ಥ. ಇನ್ನು ದಾರ ಎಳೆಯುವ ಬಲವೊಂದೇ ಲೆಕ್ಕಕ್ಕೆ.

ಅಳತೆ ಶುರು

ಒಂದು ಪೊಟ್ಟಣ ದಾರಕ್ಕೆ ಕಟ್ಟಿ, ಇನ್ನೊಂದನ್ನು ಲಾರಿಯಲ್ಲಿಡಿ. ನೆಲದಿಂದ ಪೊಟ್ಟಣ 70 ಸೆಂ.ಮೀ. ಮೇಲಿರುವಂತೆ ಲಾರಿಯನ್ನು ಹಿಡಿದು, ನೂಕದೆ ಕೈ ಬಿಡಿ. ಪೊಟ್ಟಣ ನೆಲ ಮುಟ್ಟುವವರೆಗಿನ ಸಮಯ ನೋಡಿ. ಸ್ಟಾಪ್‌ವಾಚ್ ಒತ್ತುವ ಬೆರಳು ತಡವಾಗುತ್ತದೆ, ವಿಡಿಯೊ ಉತ್ತಮ. ಸೆಕೆಂಡಿಗೆ 30 ಚಿತ್ರ ತೆಗೆಯುವ ವಿಡಿಯೊ ಆದರೆ ಚಿತ್ರ ಎಣಿಸಿ 30ರಿಂದ ಭಾಗಿಸಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ.

ಸುಮಾರು 1.9 ಸೆಕೆಂಡು ಬರಬೇಕು. ಯಾಕೆ? 20 ಗ್ರಾಂ ಪೊಟ್ಟಣವನ್ನು ಭೂಮಿ ಎಳೆಯುವ ಬಲ 0.02 × 9.8 (ಭೂಮಿಯ ಎಳೆತಕ್ಕೆ ಬೀಳುವ ವಸ್ತುವಿನ ವೇಗೋತ್ಕರ್ಷ 9.8), ಅಂದರೆ ಹೆಚ್ಚು ಕಡಿಮೆ 0.2 ನ್ಯೂಟನ್ (ಬಲದ ಅಳತೆಯ ಮಾನ). ಅದು ಎಳೆಯಬೇಕಾದ ಒಟ್ಟು ರಾಶಿ 0.5 ಕೆ.ಜಿ. ಭಾಗಿಸಿದರೆ ವೇಗೋತ್ಕರ್ಷ 0.39. ಪ್ರತಿ ಸೆಕೆಂಡಿಗೆ ಲಾರಿಯ ವೇಗ ಸೆಕೆಂಡಿಗೆ 39 ಸೆಂ.ಮೀ.ನಷ್ಟು ಏರುತ್ತದೆ.

ತೂಗಾಡುವ ಪೊಟ್ಟಣದ ರಾಶಿಯನ್ನೂ ಯಾಕೆ ಸೇರಿಸಿದೆವು? ಅದೂ ಲಾರಿಯ ಜೊತೆಗೇ ವೇಗ ಪಡೆಯುತ್ತದೆ. ಭೂಮಿಯ ಎಳೆತದಲ್ಲಿ ಒಂದು ಪಾಲು ಅದಕ್ಕೇ ಖರ್ಚಾಗುವುದರಿಂದ ದಾರದಲ್ಲಿರುವ ಬಲ ಪೊಟ್ಟಣದ ತೂಕಕ್ಕಿಂತ ಕಡಿಮೆ. ಗಣಿಯ ಲಿಫ್ಟ್ ಮೇಲಕ್ಕೆ ಹೊರಡುವಾಗ ಇದರ ಉಲ್ಟಾ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ. ಅಂಥ ಗಣಿಯಲ್ಲಿ 1,000 ಕೆ.ಜಿ. ತೊಟ್ಟಿಲು ಸುಮ್ನೆ ತೂಗಾಡುತ್ತಿದ್ದರೆ ಅದಕ್ಕಾಗಿ ಹಗ್ಗ ಹೊರುವ ಬಲ 9,800 ನ್ಯೂಟನ್. ಅದೇ ತೊಟ್ಟಿಲು 1ರ ವೇಗೋತ್ಕರ್ಷದಲ್ಲಿ ಮೇಲಕ್ಕೆ ಹೊರಟರೆ 10,800.

ಎರಡನೇ ಸುತ್ತಿಗೆ ಲಾರಿಯಲ್ಲಿದ್ದ ಪೊಟ್ಟಣವನ್ನೂ ದಾರಕ್ಕೆ ಕಟ್ಟಿ. ಒಟ್ಟು ರಾಶಿ ಅದೇ ಅರ್ಧ ಕೆ.ಜಿ., ಬಲ ಮಾತ್ರ ದುಪ್ಪಟ್ಟು. ಸಮಯ ಅರ್ಧಕ್ಕೆ ಇಳಿಯುತ್ತದೆ ಎಂದು ಮಕ್ಕಳು ಕಾಯುತ್ತಾರೆ. ಬರುವುದು 1.3 ಸೆಕೆಂಡು! ಪ್ರಯೋಗ ಕೆಟ್ಟಿಲ್ಲ. ಸಮಯವನ್ನು ಅದರಿಂದಲೇ ಗುಣಿಸಿ ನೋಡಲು ಹೇಳಿ. ಮೊದಲ ಸುತ್ತಿನಲ್ಲಿ 1.9 × 1.9 ಸುಮಾರು 3.6. ಈಗ 1.3 × 1.3 ಸುಮಾರು 1.7. ಹೆಚ್ಚು ಕಡಿಮೆ ಅರ್ಧ. ನಿಂತಲ್ಲಿಂದ ಹೊರಟ ವಸ್ತು ಸಾಗುವ ದೂರ ಸಮಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ದೂರವನ್ನು ದುಪ್ಪಟ್ಟು ಮಾಡಿ ಸಮಯದ ವರ್ಗದಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಬಲದ ಜೊತೆ ದುಪ್ಪಟ್ಟಾದದ್ದು ವೇಗೋತ್ಕರ್ಷ. ಈ ಒಂದು ಜಾಗದಲ್ಲಿ ಮಗು ತಾನೇ ಲೆಕ್ಕ ಹಾಕಿ ಕಂಡುಕೊಳ್ಳಲಿ, ನೀವು ಹೇಳಬೇಡಿ.

ಮೂರನೇ ಸುತ್ತಿಗೆ ಅರ್ಧ ಕೆ.ಜಿ. ಚೀಲವನ್ನು ಲಾರಿಗೆ ಹಾಕಿ. ದಾರಕ್ಕೆ ಎರಡು ಪೊಟ್ಟಣಗಳೂ ಇರಲಿ. ರಾಶಿಯೂ ದುಪ್ಪಟ್ಟು, ಬಲವೂ ದುಪ್ಪಟ್ಟು. ಮತ್ತೆ ಅದೇ 1.9 ಸೆಕೆಂಡು. ಒಂದು ಪೊಟ್ಟಣವನ್ನು ಬಿಚ್ಚಿ ಲಾರಿಗೆ ಹಾಕಿದರೆ 2.7.

ನಿಮಗೆ ಬಂದ ಸಮಯ ಇದಕ್ಕಿಂತ ಜಾಸ್ತಿಯಾದರೆ ಬಾಬಿನ್‌ಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ. ಕಡಿಮೆಯಾದರೆ ಇಳಿಜಾರು ಜಾಸ್ತಿಯಾಗಿದೆ, ಒಂದು ನೋಟ್‌ಬುಕ್ ತೆಗೆಯಿರಿ.

ರಾಶಿ ಬೇರೆ, ತೂಕ ಬೇರೆ

ಲಾರಿ ಭಾರವಾದದ್ದಕ್ಕೆ ನಿಧಾನವಾಯಿತು ಎಂದರೆ ಅರ್ಧ ಸರಿ. ಭೂಮಿ ಲಾರಿಯನ್ನು ಕೆಳಕ್ಕೆ ಎಳೆಯುವ ಬಲ ಅದರ ತೂಕ. ವೇಗ ಬದಲಾಗಲು ಲಾರಿ ಒಡ್ಡುವ ಪ್ರತಿರೋಧದ ಅಳತೆ ರಾಶಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅದರಲ್ಲಿದ್ದ ಪ್ರಜ್ಞಾನ್ ರೋವರ್‌ನ ರಾಶಿ 26 ಕೆ.ಜಿ. ಇಲ್ಲಿ ಅದರ ತೂಕ 255 ನ್ಯೂಟನ್, ಅಲ್ಲಿ 42. ರಾಶಿ ಮಾತ್ರ ಅಲ್ಲೂ 26 ಕೆ.ಜಿ.ಯೇ. ಅದರ ವೇಗವನ್ನು ಇಲ್ಲಿ ಏರಿಸಲು ಎಷ್ಟು ಬಲ ಬೇಕೋ, ಘರ್ಷಣೆ ಬಿಟ್ಟು ನೋಡಿದರೆ, ಅಲ್ಲೂ ಅಷ್ಟೇ ಬೇಕು.

ಕೊನೆಯ ಓಟ

ಮೊದಲ ಸುತ್ತಿನ ಜೋಡಣೆಗೇ ಮರಳಿ. ಚೀಲ ತೆಗೆದು, ಒಂದೇ ಪೊಟ್ಟಣ ದಾರದಲ್ಲಿರಲಿ. ಈ ಸಲ ದಾರ ಉದ್ದ ಮಾಡಿ, ಪೊಟ್ಟಣವನ್ನು ನೆಲದಿಂದ 40 ಸೆಂ.ಮೀ. ಎತ್ತರದಲ್ಲಿಟ್ಟು ಬಿಡಿ. ಲಾರಿ 40 ಸೆಂ.ಮೀ. ಸಾಗಿದಾಗ ಪೊಟ್ಟಣ ನೆಲ ಮುಟ್ಟಿ ದಾರ ಸಡಿಲವಾಗುತ್ತದೆ. ಎಳೆಯುವ ಬಲ ಸೊನ್ನೆ. ಆದರೂ ಲಾರಿ ನಿಲ್ಲುವುದಿಲ್ಲ! ಆ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಸುಮಾರು 56 ಸೆಂ.ಮೀ. ಆಗಿರುತ್ತದೆ. ಅಲ್ಲಿಂದ ಮುಂದೆ 28 ಸೆಂ.ಮೀ.ಗೆ ಒಂದು ಗೆರೆ, 56 ಸೆಂ.ಮೀ.ಗೆ ಇನ್ನೊಂದು ಗೆರೆ ಎಳೆದಿಟ್ಟಿರಿ. ಮೊದಲ ಗೆರೆಗೆ ಅರ್ಧ ಸೆಕೆಂಡು, ಎರಡನೆಯದಕ್ಕೆ ಇನ್ನರ್ಧ ಸೆಕೆಂಡು ಬಂತೇ ಎಂದು ವಿಡಿಯೊದಲ್ಲಿ ಎಣಿಸಿ.