ಮನೆತನದ ದಾಖಲೆಗಳನ್ನು ಮೂರು ಊರಲ್ಲಿ ಇಡುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ಗೋಕಾಕಕ್ಕೂ ನೀರು ಬಂತು, ಮುಧೋಳ ಭಾಗಕ್ಕೂ ಬಂತು. ಹಾಗಾಗಿ ಹೊಲದ ಉತಾರ, ಮಾರ್ಕ್ಸ್‌ ಕಾರ್ಡ್‌, ಮದುವೆ ಫೋಟೊಗಳ ಒಂದು ಪ್ರತಿ ಗೋಕಾಕದಲ್ಲಿ, ಇನ್ನೊಂದು ಮುಧೋಳದ ಕಾಕಾನ ಮನೆಯಲ್ಲಿ ಇದ್ದರೆ ಸಾಲದು. ಎರಡೂ ಒಂದೇ ಹೊಳೆ ದಂಡೆ. ಮೂರನೆಯದು ವಿಜಯಪುರದಲ್ಲಿರಲಿ.

ಇದಕ್ಕೆ ನನ್ನ ಆಯ್ಕೆ ಸಿಂಕ್‌ಥಿಂಗ್‌, ಬೇರೆ ಬೇರೆ ಕಂಪ್ಯೂಟರಿನಲ್ಲಿರುವ ಫೋಲ್ಡರನ್ನು ಒಂದೇ ರೀತಿ ಇಡುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ಫೈಲುಗಳು ಯಾವ ಕಂಪನಿಯಲ್ಲೂ ಉಳಿಯುವುದಿಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ನಡುವೆ ಯಾರೂ ಓದಲಾಗದಂತೆ ಹೋಗುತ್ತವೆ. ಮೂರೂ ಕಂಪ್ಯೂಟರಿಗೆ ಹಾಕಿ, ಅದು ಪ್ರತಿ ಕಂಪ್ಯೂಟರಿಗೆ ಕೊಡುವ ಗುರುತು, ಅಂದರೆ ಡಿವೈಸ್‌ ಐಡಿಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಂಡು ಒಂದಕ್ಕೊಂದು ಸೇರಿಸಿ, ಫೋಲ್ಡರ್‌ ಹಂಚಿಕೊಳ್ಳಿ. ಇಷ್ಟು ಸುಲಭ.

ಜನ ಎಡವುವುದು ಇದರ ನಂತರ. ಮೂರು ಕಡೆ ಪ್ರತಿ ಇದೆ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಒಂದು ಮನೆಯಲ್ಲಿ ಮಗು ಫೋಟೊ ಅಳಿಸಿದರೆ ಉಳಿದ ಎರಡೂ ಕಡೆ ಅದು ಅಳಿಯುತ್ತದೆ! ಸಿಂಕ್‌ ಮಾಡುವುದೆಂದರೆ ಅದೇ ಅಲ್ವಾ? ಅದಕ್ಕೆ ಹೀಗೆ ಮಾಡಿ. ದಾಖಲೆ ಸೇರಿಸುವ ಮನೆಯಲ್ಲಿ ಮಾತ್ರ ಫೋಲ್ಡರನ್ನು ‘ಸೆಂಡ್‌ ಓನ್ಲಿ’ ಮಾಡಿ. ಉಳಿದೆರಡು ಕಡೆ ‘ರಿಸೀವ್‌ ಓನ್ಲಿ’. ಆಗ ಅಲ್ಲಿ ಯಾರೇ ಅಳಿಸಿದರೂ ಬೇರೆ ಮನೆಗೆ ತಟ್ಟುವುದಿಲ್ಲ. ಆದರೆ ಕಳಿಸುವ ಮನೆಯಲ್ಲೇ ಅಳಿಸಿದರೆ? ಅದಕ್ಕೆ ಪಡೆಯುವ ಎರಡೂ ಕಂಪ್ಯೂಟರಿನಲ್ಲಿ ‘ಫೈಲ್‌ ವರ್ಷನಿಂಗ್‌’ಗೆ ಹೋಗಿ ‘ಟ್ರ್ಯಾಶ್‌ ಕ್ಯಾನ್‌’ ಆರಿಸಿ, ದಿನದ ಜಾಗದಲ್ಲಿ 0 ಹಾಕಿ. ಆಗ ಅಳಿದ ಫೈಲು ಅಡಗಿದ ಫೋಲ್ಡರೊಂದರಲ್ಲಿ ಉಳಿಯುತ್ತದೆ, ತಾನಾಗಿ ಖಾಲಿಯಾಗುವುದಿಲ್ಲ. ಇದು ಮೊದಲಿಗೆ ಆಫ್‌ ಇರುತ್ತದೆ, ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ತಾನಾಗಿ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಕಳಿಸುವ ಮನೆಯಲ್ಲಿ ಬೇಡದ ಫೈಲೊಂದನ್ನು ಹಾಕಿ, ಅದು ಉಳಿದ ಕಡೆ ತಲುಪಿದ ಮೇಲೆ ಅಳಿಸಿ, ಪಡೆಯುವ ಕಡೆಯಿಂದ ವಾಪಸ್‌ ತೆಗೆದು ನೋಡಿ. ಇದನ್ನು ಮಾಡದೆ ಸುಮ್ನೆ ನಂಬಬೇಡಿ.

ಪೆನ್‌ಡ್ರೈವ್‌ ಸಾಕು ಅನ್ನುವವರು ಜಾಸ್ತಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ದೊಡ್ಡ ಪೆನ್‌ಡ್ರೈವ್‌ಗಳಲ್ಲಿ ಸುಳ್ಳು ಅಳತೆ ತೋರಿಸುವವು ಬಹಳ. ನಿಜವಾದ ಜಾಗ ತುಂಬಿದ ಮೇಲೆ ಫೈಲುಗಳು ಕೆಡುತ್ತವೆ. ಜನರ ಕಂಪ್ಯೂಟರುಗಳೇ ಸೇರಿ ಫೈಲು ಹಂಚುವ ಐಪಿಎಫ್‌ಎಸ್‌ ಎಂಬ ಜಾಲಕ್ಕೆ ಹಾಕಿದರೆ ಶಾಶ್ವತ ಎನ್ನುವ ಮಾತೂ ಕೇಳಿಬರುತ್ತದೆ. ಅಲ್ಲಿ ಯಾರಾದರೂ ಒಬ್ಬರು ಫೈಲನ್ನು ಉಳಿಸಿಕೊಂಡು ಕಂಪ್ಯೂಟರ್‌ ಚಾಲೂ ಇಟ್ಟಿದ್ದರಷ್ಟೇ ಅದು ಸಿಗುತ್ತದೆ. ವಿಳಾಸ ಗೊತ್ತಿದ್ದವರೆಲ್ಲ ತೆಗೆಯಬಹುದು, ಆದ್ದರಿಂದ ಆಧಾರ್‌ ಅಂತೂ ಹಾಕಲೇಬೇಡಿ.

ಇನ್ನು ಕರೆಂಟು. ಸಿಂಕ್‌ಥಿಂಗ್‌ನಲ್ಲಿ ಫೈಲು ಇಟ್ಟುಕೊಳ್ಳುವ ಸರ್ವರ್‌ ನಡುವೆ ಇಲ್ಲದ್ದರಿಂದ ಎರಡು ಕಂಪ್ಯೂಟರ್‌ ಒಂದೇ ಹೊತ್ತಿಗೆ ಚಾಲೂ ಇದ್ದರೆ ಮಾತ್ರ ಫೈಲು ದಾಟುತ್ತದೆ. ರವಿವಾರ ಸಂಜೆ ಅಂತ ಮೂರೂ ಮನೆಯವರು ಮಾತಾಡಿಕೊಳ್ಳಿ. ಪ್ರತಿ ಮನೆಯಲ್ಲೂ ಇಬ್ಬರಿಗೆ ಈ ಕೆಲಸ ಕಲಿಸಿ, ಒಬ್ಬರು ನೌಕರಿಗೆ ಬೇರೆ ಊರಿಗೆ ಹೋದರೂ ಇನ್ನೊಬ್ಬರಿರುತ್ತಾರೆ. ಪ್ರತಿ ಡಿವೈಸ್‌ ಕೊನೆಗೆ ಯಾವಾಗ ಕಂಡಿತು ಎಂಬ ದಿನಾಂಕ ಪರದೆಯಲ್ಲೇ ಸಿಗುತ್ತದೆ. ಎರಡು ವಾರ ದಾಟಿದ್ದರೆ ಆ ಮನೆಗೆ ಫೋನ್‌ ಮಾಡಿ.